ಹೇಳಿದ ಕಡೆ ಬೀಳುವ ಜೋಡಿ

ಮಡಿಕೇರಿ

ಪ್ರೀತಿಯ ಗೆಳೆಯ,

ಮಳೆ ನಿಂತ ಮೇಲೆ ಗೋಣಿಕೊಪ್ಪದ ಹಾಲ್‌ನಲ್ಲಿ ನಿನ್ನ ಸಮರಕಲೆಯ ಕ್ಲಾಸು ಮತ್ತೆ ಶುರು ಅಂದೆಯಲ್ಲ, ಒಳ್ಳೆಯದಾಯಿತು. ನೀನು ಕೇಳಿದ್ದು ಇಷ್ಟು: ಅಭ್ಯಾಸದಲ್ಲಿ ಜೋಡಿಯಾದವನು ತಾನಾಗಿಯೇ ಬಿದ್ದುಕೊಡುತ್ತಾ ಹೋದರೆ ಎಸೆಯುವವನ ವಿದ್ಯೆ ಕೆಡುತ್ತದೆಯೇ? ಕೆಡುತ್ತದೆ, ಮಾರಾಯ. ಆದರೆ ಎಲ್ಲರೂ ಅವನು ಬೀಳುವುದನ್ನು ನೋಡಿ ಬೈಯುತ್ತಾರೆ. ನನ್ನ ಪ್ರಕಾರ ಕೇಡು ಅದಕ್ಕೂ ಮೊದಲೇ, ಅವನು ಹೊಡೆಯಲು ಬರುವ ರೀತಿಯಲ್ಲೇ ಆಗಿಹೋಗಿರುತ್ತದೆ.

ಕರಾಟೆಯ ಗೋಹೊನ್ ಕುಮಿತೆಯನ್ನೇ ನೋಡು. ಒಬ್ಬ ಐದು ಹೆಜ್ಜೆ ಮುಂದೆ ಬರುತ್ತಾ ಹೆಜ್ಜೆಗೊಂದು ಗುದ್ದು ಕೊಡುತ್ತಾನೆ. ಇನ್ನೊಬ್ಬ ತಡೆಯುತ್ತಾ ಐದು ಹೆಜ್ಜೆ ಹಿಂದೆ ಹೋಗಿ ಕೊನೆಗೆ ತಿರುಗಿ ಹೊಡೆಯುತ್ತಾನೆ. ಹೊಸಬನಿಗೆ ನಿಲುವು, ಉಸಿರು, ಹೆಜ್ಜೆ ಕೂಡಿಬರಲು ಇದು ಬೇಕೇ ಬೇಕು. ಆದರೆ ಗುದ್ದು ಎದೆಗಿಂತ ನಾಲ್ಕು ಇಂಚು ಮುಂಚೆಯೇ ನಿಲ್ಲುತ್ತದೆ, ಇಲ್ಲವೇ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಹೊಡೆದ ಕೈಯೋ, ಬಟ್ಟೆ ಒಣಹಾಕುವ ಗಳುವಿನ ಹಾಗೆ ಚಾಚಿಕೊಂಡೇ ಇರುತ್ತದೆ.

ಪರೀಕ್ಷೆ ಸುಲಭ. ತಡೆಯುವವನಿಗೆ ಕೈ ಕೆಳಗಿಟ್ಟು ಸುಮ್ಮನೆ ನಿಲ್ಲಲು ಹೇಳು. ಗುದ್ದು ಎದೆಯ ಬಟ್ಟೆಗೆ ತಾಗಬೇಕು, ಮೆಲ್ಲಗೆ ತಾಗಿದರೂ ಸಾಕು. ತಾಗದಿದ್ದರೆ ಇಷ್ಟು ದಿನ ಅವನು ತಡೆದದ್ದಾದರೂ ಏನನ್ನು? ಕ್ಲಾಸಿನ ಆರಂಭದಲ್ಲಿ ಪ್ರತಿ ಜೋಡಿಯಿಂದಲೂ ಐದೈದು ಸಲ ಮಾಡಿಸು, ಅಂತರ ತಾನಾಗಿ ಸರಿಹೋಗುತ್ತದೆ. ಆಮೇಲೆ ಇನ್ನೊಂದು ಸೇರಿಸು: ಹೊಡೆದ ಕೈ ಹೋದ ದಾರಿಯಲ್ಲೇ ಗಲ್ಲಕ್ಕೆ ವಾಪಸ್ ಬರಬೇಕು, ಎರಡನೇ ಕೈ ಯಾವಾಗ ಬೇಕಾದರೂ ಬರಬಹುದು. ವೇಗ ಅರ್ಧ ಇದ್ದರೂ ಅಡ್ಡಿಯಿಲ್ಲ. ಇಷ್ಟಾದ ಕೂಡಲೇ, ಬರುತ್ತಿರುವ ಗುದ್ದಿನ ಮಣಿಕಟ್ಟು ಹಿಡಿದು ತಿರುಚುವ ಪಟ್ಟುಗಳು ಬಹುತೇಕ ಉದುರಿಹೋಗುತ್ತವೆ, ಯಾಕೆಂದರೆ ಹಿಡಿಯಲು ಅಲ್ಲಿ ಕೈಯೇ ಇರುವುದಿಲ್ಲ. ಉಳಿಯುವುದು ಮುಖ ಮುಚ್ಚಿಕೊಳ್ಳುವುದು, ಪಕ್ಕಕ್ಕೆ ಸರಿಯುವುದು, ಒಳಗೆ ನುಗ್ಗಿ ಅಪ್ಪಿ ಹಿಡಿಯುವುದು. ಹುಡುಗರಿಗೆ ಮೊದಮೊದಲು ಬೇಸರವಾಗುತ್ತದೆ. ಆಗಲಿ ಬಿಡು.

ಜಪಾನಿನ ಇನ್ನೊಂದು ಸಮರಕಲೆ ಐಕಿಡೊದ ಮಣಿಕಟ್ಟು ಹಿಡಿತಕ್ಕೂ ಇದೇ ಮಾತು. ಬರೀ ಹಿಡಿದುಕೊಂಡು ನಿಂತವನನ್ನು ಯಾರು ಬೇಕಾದರೂ ತಿರುಗಿಸುತ್ತಾರೆ. ಹೊರಗೆ ಕೈ ಹಿಡಿಯುವವನು ಎಳೆಯಲು, ಗೋಡೆಗೆ ಒತ್ತಲು ಅಥವಾ ಇನ್ನೊಂದು ಕೈಯಿಂದ ಬಾರಿಸಲು ಹಿಡಿದಿರುತ್ತಾನೆ. ಹಾಗಾಗಿ ಹಿಡಿಯುವವನಿಗೆ ಒಂದು ಕೆಲಸ ಕೊಡು: ‘ಇವನನ್ನು ಬಾಗಿಲ ತನಕ ಎಳೆದುಕೊಂಡು ಹೋಗು.’ ಆಗ ಅವನ ಮೈಭಾರಕ್ಕೆ ಒಂದು ದಿಕ್ಕು ಬರುತ್ತದೆ. ಪಟ್ಟು ಹಾಕುವವನಿಗೆ ಬೇಕಾದದ್ದೂ ಆ ದಿಕ್ಕೇ. ಕೋತೆಗಾಏಶಿಯಲ್ಲಿ, ಅಂದರೆ ಮಣಿಕಟ್ಟು ಹೊರಕ್ಕೆ ತಿರುಚಿ ಕೆಡಹುವ ಪಟ್ಟಿನಲ್ಲಿ, ಹಾರಿ ಬೀಳುವುದನ್ನು ನೋಡಿ ನಾಟಕ ಎಂದು ನಗುವವರಿದ್ದಾರೆ, ಅವರ ಮಾತು ಪೂರ್ತಿ ಸರಿಯಲ್ಲ. ತಿರುಚು ವೇಗವಾಗಿ ಬಂದಾಗ ಮೈ ಅದರ ಜೊತೆಗೇ ಹೋಗದಿದ್ದರೆ ಮಣಿಕಟ್ಟು ಉಳಿಯುವುದಿಲ್ಲ. ತಿರುಚುವ ಮೊದಲೇ ಹಾರಿದರೆ ಮಾತ್ರ ಅದು ನಾಟಕ. ಕಾಲಿನ ಮೇಲಿನ ಭಾರ ತಪ್ಪುವವರೆಗೆ ಬೀಳಕೂಡದು ಎಂದು ಕಟ್ಟುನಿಟ್ಟಾಗಿ ಹೇಳು.

ಚಾಕುವಿನ ಪಾಠ ಕಲಿಸುತ್ತೀಯಾದರೆ ರಬ್ಬರ್ ಚಾಕುವಿನ ಅಂಚಿಗೆ ಸೀಮೆಸುಣ್ಣ ತಿಕ್ಕು, ತಡೆಯುವವನಿಗೆ ಕಪ್ಪು ಟೀ ಶರ್ಟ್ ಹಾಕಿಸು. ದಾಳಿ ಮಾಡುವವನು ಎಡಗೈಯಲ್ಲಿ ಬಟ್ಟೆ ಹಿಡಿದು ಬಲಗೈಯಲ್ಲಿ ಸಣ್ಣ ಸಣ್ಣ ತಿವಿತಗಳನ್ನು ಹತ್ತು ಸೆಕೆಂಡ್ ನಿಲ್ಲಿಸದೆ ಹಾಕಲಿ. ಮುಗಿದ ಮೇಲೆ ಬಿಳಿ ಗೆರೆಗಳನ್ನು ಎಣಿಸಿದರೆ ಸಾಕು, ಓಡುವುದು ಯಾಕೆ ಮೊದಲ ಆಯ್ಕೆ ಎಂದು ನೀನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಈ ಗೊಂದಲಕ್ಕೆ ಒಳ್ಳೆಯ ಉತ್ತರ ಕೊಟ್ಟವನು ಜುಡೋ ಕಟ್ಟಿದ ಜಿಗೊರೊ ಕಾನೊ. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ತನ್ನ ಶಾಲೆ ಶುರುಮಾಡಿದಾಗ ಹಳೆಯ ಜುಜುತ್ಸುವಿನ ಗುದ್ದು, ಒದೆತ, ಕೀಲು ಮುರಿಯುವ ಅಪಾಯದ ಪಟ್ಟುಗಳನ್ನು ‘ಕತಾ’ ಎಂಬ ನಿಗದಿತ ಅಭ್ಯಾಸಕ್ಕೆ ಬಿಟ್ಟು, ಉಳಿದವನ್ನು ‘ರಂದೋರಿ’ಗೆ, ಅಂದರೆ ಇಬ್ಬರೂ ಗೆಲ್ಲಲು ನೋಡುವ ಮುಕ್ತ ಸೆಣಸಿಗೆ ಇಟ್ಟ. ಪಟ್ಟುಗಳು ಕಡಿಮೆಯಾದವು, ಆದರೆ ಅವನ್ನು ಎದುರು ಬೀಳುವವನ ಮೇಲೆ ಪೂರ್ತಿ ಬಲದಿಂದ, ದಿನಾ ಹಾಕಿ ನೋಡಬಹುದಾಯಿತು. ಎಷ್ಟೇ ಮಾರಕ ಪಟ್ಟಾದರೂ ಎದುರಾಡುವವನ ಮೇಲೆ ಒಮ್ಮೆಯೂ ಹಾಕಿ ನೋಡದಿದ್ದರೆ ಅದು ಬರುತ್ತದೆ ಎಂದು ಹೇಳುವುದಾದರೂ ಹೇಗೆ? ಕಾನೊ ಮತ್ತು ಐಕಿಡೊ ಕಟ್ಟಿದ ಉಯೆಶಿಬ ಇಬ್ಬರ ಬಳಿಯೂ ಕಲಿತ ಕೆಂಜಿ ತೊಮಿಕಿ ಇದೇ ತರ್ಕವನ್ನು ಐಕಿಡೊಗೆ ತಂದು, ಒಬ್ಬನ ಕೈಗೆ ಮೆತ್ತನೆಯ ಚಾಕು ಕೊಟ್ಟು ಸ್ಪರ್ಧೆಯನ್ನೇ ಕಟ್ಟಿದ. ಮೈಸೂರಿನ ಗರಡಿಗಳಿಗೆ ಈ ತಲೆನೋವೇ ಇಲ್ಲ. ಮಟ್ಟಿಗೆ ಇಳಿದವನು ಸುಮ್ಮನೆ ಬಿದ್ದುಕೊಡುವುದಿಲ್ಲ.

ನಮ್ಮಲ್ಲೇ ಇರುವ ಕೊಡವರ ಬೆತ್ತದ ಆಟ ಪರಿಯಕಳಿಯನ್ನು ಈ ಕಣ್ಣಿನಿಂದ ನೋಡು. ಪುತ್ತರಿ ಸುಗ್ಗಿ ಹಬ್ಬದ ಹೊತ್ತಿನಲ್ಲಿ ಮಂದ್‌ನಲ್ಲಿ, ಅಂದರೆ ಊರಿನ ಬಯಲಿನಲ್ಲಿ, ಇಬ್ಬರು ಬೆತ್ತ, ಗುರಾಣಿ ಹಿಡಿದು ನಿಲ್ಲುತ್ತಾರೆ, ಹೊಡೆತ ಮೊಣಕಾಲಿನ ಕೆಳಗೆ ಮಾತ್ರ. ಒಪ್ಪಂದ ಇರುವುದು ಹೊಡೆಯುವ ಜಾಗದ ಬಗ್ಗೆ, ಯಾವಾಗ, ಯಾವ ಕಡೆಯಿಂದ ಬರುತ್ತದೆ ಎಂಬುದರ ಬಗ್ಗೆ ಅಲ್ಲ. ಹಾಗಾಗಿ ಕಾಲಿನ ಚುರುಕು, ಅಂತರದ ಅಂದಾಜು, ಎದುರಾಳಿಯ ಭುಜ ಓದುವುದು ಎಲ್ಲ ನಿಜವಾಗಿಯೇ ಬೆಳೆಯುತ್ತವೆ. ಕ್ಲಾಸಿನಲ್ಲಿ ನಿನಗೆ ಬೇಕಾದದ್ದು ಇಂಥ ಆಟಗಳೇ.

ಒಂದು ಎಚ್ಚರಿಕೆ: ಪ್ರತಿಯೊಂದು ನಿಯಮವೂ ಎಲ್ಲೋ ಒಂದು ಕಡೆ ತೂತು ಬಿಡುತ್ತದೆ. ಪರಿಯಕಳಿ ಮಾತ್ರ ಆಡಿದವನಿಗೆ ತಲೆ ಕಾಯುವ ಅಭ್ಯಾಸ ಇರುವುದಿಲ್ಲ. ಕ್ಯೋಕುಶಿನ್ ಕರಾಟೆ ಸ್ಪರ್ಧೆಯಲ್ಲಿ ಮೈಗೆ ಬರಿಗೈಯಲ್ಲೇ ಪೂರ್ತಿ ಬಲದ ಗುದ್ದು, ಮುಖಕ್ಕೆ ಒದೆಯಬಹುದು, ಗುದ್ದುವಂತಿಲ್ಲ. ಹಾಗಾಗಿ ಗಟ್ಟಿಗರು ಕೂಡ ಎದೆಗೆ ಎದೆ ಕೊಟ್ಟು, ಕೈ ಇಳಿಸಿ ನಿಲ್ಲುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಆದ್ದರಿಂದ ಒಂದೇ ಆಟಕ್ಕೆ ಅಂಟಿಕೊಳ್ಳಬೇಡ. ಈ ವಾರ ಭುಜ ಮುಟ್ಟುವುದು, ಮುಂದಿನ ವಾರ ಅಪ್ಪಿ ಹಿಡಿದು ಮೂರು ಹೆಜ್ಜೆ ತಳ್ಳುವುದು, ಅದರ ಮುಂದೆ ಕೆಸಾ ಗಾತಮೆಯಲ್ಲಿ (ಕತ್ತು, ತೋಳು ಸುತ್ತಿ ನೆಲಕ್ಕೆ ಒತ್ತುವ ಹಿಡಿತ) ಸಿಕ್ಕವನು 20 ಸೆಕೆಂಡ್‌ನೊಳಗೆ ಬಿಡಿಸಿಕೊಳ್ಳುವುದು. ಜುಡೋ ಸ್ಪರ್ಧೆಯಲ್ಲಿ ಇಪ್ಪಾನ್‌ಗೆ, ಅಂದರೆ ಪೂರ್ಣ ಗೆಲುವಿಗೆ, ಹಿಡಿದಿಡಬೇಕಾದ ಹೊತ್ತೂ ಅಷ್ಟೇ.

ಇನ್ನೊಂದು ಕಡೆಯ ಸುಳ್ಳೂ ಇದೆ, ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ‘ಈಗ ಸೆಯೊಯ್ ನಾಗೆ’ (ಬೆನ್ನ ಮೇಲೆ ಹೊತ್ತು ಮುಂದಕ್ಕೆ ಎಸೆಯುವ ಪಟ್ಟು) ಎಂದು ನೀನು ಕೂಗಿದ್ದು ಜೋಡಿಗೂ ಕೇಳಿರುತ್ತದೆ. ಅವನು ಸೊಂಟ ಹಿಂದಕ್ಕೆ ಹಾಕಿ ಕಲ್ಲಿನಂತೆ ನಿಂತುಬಿಡುತ್ತಾನೆ, ಎಸೆಯುವವನು ಎಳೆದು ಎಳೆದು ಬೆನ್ನು ಹಿಡಿಸಿಕೊಳ್ಳುತ್ತಾನೆ. ಮುಂದೇನು ಬರುತ್ತದೆಂದು ಗೊತ್ತಿದ್ದು ಅದೊಂದನ್ನೇ ತಡೆಯುವುದು ಎದುರಾಟ ಅಲ್ಲ, ಹಟ. ಹಾಗೆ ಹಿಂದಕ್ಕೆ ಒರಗಿದವನು ಹಿಂದಕ್ಕೇ ಬೀಳಲು ಸಿದ್ಧನಾಗಿರುತ್ತಾನೆ. ಆದ್ದರಿಂದ ಎಸೆಯುವವನ ಕಿವಿಯಲ್ಲಿ ಎರಡು ಪಟ್ಟು ಹೇಳು: ಮುಂದಕ್ಕೆ ಸೆಯೊಯ್ ನಾಗೆ, ಹಿಂದಕ್ಕೆ ಓಉಚಿ ಗಾರಿ, ಅಂದರೆ ಒಳಗಿನಿಂದ ಕಾಲು ಕೊಯ್ದು ಕೆಡಹುವ ಪಟ್ಟು. ಯಾವುದು ಎಂದು ಆ ಕ್ಷಣದಲ್ಲಿ ಅವನೇ ಆರಿಸಲಿ. ಕಲ್ಲಾಗಿ ನಿಲ್ಲುವುದು ಎರಡು ದಿನದಲ್ಲಿ ನಿಲ್ಲುತ್ತದೆ.

ಬಿದ್ದುಕೊಡುವ ಜೋಡಿಯನ್ನು ಪೂರ್ತಿ ಓಡಿಸಬೇಡ. ಹೊಸ ಪಟ್ಟಿಗೆ ಹತ್ತು, ಇಪ್ಪತ್ತು ಉಚಿಕೊಮಿ (ಎಸೆಯದೆ ಪಟ್ಟಿನೊಳಗೆ ಮತ್ತೆ ಮತ್ತೆ ಹೋಗುವ ಅಭ್ಯಾಸ) ಸುಮ್ಮನೆ ನಿಂತವನ ಮೇಲೆಯೇ ಆಗಬೇಕು, ಇಲ್ಲದಿದ್ದರೆ ಕಾಲು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ನಂತರ ಜೋಡಿ ನಡೆಯುತ್ತಿರಲಿ, ಅದಾದ ಮೇಲೆ ಅವನಿಗೆ ಒಂದೇ ಒಂದು ಪ್ರತಿಪಟ್ಟಿಗೆ ಅವಕಾಶ, ಆಮೇಲೆ ಎರಡು ನಿಮಿಷದ ಮುಕ್ತ ಸುತ್ತು. ಜೋಡಿಯ ಎದುರಾಟ ಹತ್ತಕ್ಕೆ ಎಷ್ಟು ಇರಬೇಕು ಎಂದು ಕೂಗಿ ಹೇಳು: ಮೂರು, ಐದು, ಏಳು. ಹತ್ತಕ್ಕೆ ಹತ್ತೂ ಸಲ ಪಟ್ಟು ಬಿದ್ದರೆ ಎದುರಾಟ ಏರಿಸು, ಮೂರಕ್ಕಿಂತ ಕಡಿಮೆಯಾದರೆ ಇಳಿಸು.

ಕೀಲಿನ ಪಟ್ಟುಗಳ ಲೆಕ್ಕ ಬೇರೆ. ಅಲ್ಲಿ ಎದುರಾಟ ಬೀಗ ಬೀಳುವ ತನಕ ಮಾತ್ರ, ಬಿದ್ದ ಮೇಲೆ ಹಟ ಮಾಡಿದರೆ ಮೊಣಕೈ ಹೋಗುತ್ತದೆ. ಹಾಕುವವನು ಜಗ್ಗದೆ ನಿಧಾನಕ್ಕೆ ಒತ್ತಬೇಕು, ಎರಡು ತಟ್ಟು ಕೇಳಿದ ಕೂಡಲೇ ಬಿಡಬೇಕು. ಮುಕ್ತ ಸುತ್ತಿನಲ್ಲಿ ತೂಕದ ವ್ಯತ್ಯಾಸ 10 ಕೆಜಿ ದಾಟದಿರಲಿ. ಶಾಲಾ ಮಕ್ಕಳಿಗೆ ತಲೆಗೆ ಹೊಡೆತ, ಕತ್ತು ಹಿಸುಕುವ ಪಟ್ಟು ಎರಡೂ ಬೇಡ, ಎದೆ ಮತ್ತು ಭುಜದ ಆಟ ಅವರಿಗೆ ಸಾಕು.

ಸಿಮೆಂಟ್ ನೆಲವಾದರೆ ಎಸೆತಕ್ಕೆ 40 ಮಿಲಿಮೀಟರ್ ಮ್ಯಾಟ್ ಬೇಕು. ಈ ಮಳೆಗೆ ಅವುಗಳ ಅಡಿಯಲ್ಲಿ ಬೂಷ್ಟು ಹಿಡಿದಿರುತ್ತದೆ, ಶುರುಮಾಡುವ ಮೊದಲು ಒರೆಸಿ ನಿಲ್ಲಿಸಿ ಒಣಗಿಸು. ಹಾಸಿದ ಮೇಲೆ ಸಂದು ಬಿಡದಂತೆ ಒತ್ತಿ ಕೂರಿಸು, ಕಾಲಿನ ಹೆಬ್ಬೆರಳು ಸಿಕ್ಕಿಕೊಳ್ಳುವುದು ಅಲ್ಲೇ. ಕಾಫಿ ಕೊಯ್ಲು ಶುರುವಾದರೆ ದೊಡ್ಡ ಹುಡುಗರು ಅರ್ಧಕ್ಕರ್ಧ ಬರುವುದಿಲ್ಲ, ತೂಕಕ್ಕೆ ತಕ್ಕ ಜೋಡಿಗಳನ್ನು ಈಗಲೇ ಬರೆದಿಟ್ಟುಕೋ.

ನಿನ್ನ
ಗೆಳೆಯ