ದುಡ್ಡು ಯಾರದ್ದು, ಮಾತು ಯಾರದ್ದು

ಅಪ್ಪನಿಗೆ ನಮಸ್ಕಾರ.

ವಿದೇಶಿ ದುಡ್ಡಿನಿಂದ ಶುರುವಾದ ಕೆಲಸಗಳು ಎರಡು ಮೂರು ವರ್ಷಕ್ಕೆ ಯಾಕೆ ನಿಂತುಹೋಗುತ್ತವೆ ಅಂತ ಕೇಳಿದ್ದಿರಿ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವ ಅಮೆರಿಕದ ಈ ಕ್ಲೀವ್‌ಲ್ಯಾಂಡ್‌ನಲ್ಲೇ 1914ರಲ್ಲಿ ಫ್ರೆಡರಿಕ್ ಗಾಫ್ ಅನ್ನುವ ಬ್ಯಾಂಕರ್ ಜಗತ್ತಿನ ಮೊದಲ ಕಮ್ಯುನಿಟಿ ಫೌಂಡೇಶನ್, ಅಂದರೆ ಹಲವರ ದಾನ ಸೇರಿಸಿ ಊರಿನ ಒಳಿತಿಗೆ ಬಳಸುವ ಸಂಸ್ಥೆ, ಶುರು ಮಾಡಿದರು. ಆಗೆಲ್ಲ ದುಡ್ಡಿದ್ದವರು ಇಂಥದ್ದಕ್ಕೇ ಖರ್ಚಾಗಬೇಕು ಅಂತ ಉಯಿಲು ಬರೆದಿಟ್ಟು ಹೋಗುತ್ತಿದ್ದರು, ಕಾಲ ಕಳೆದು ಆ ಕೆಲಸದ ಅಗತ್ಯವೇ ಇಲ್ಲವಾದರೂ ಆ ದುಡ್ಡನ್ನು ಬೇರೆಯದಕ್ಕೆ ಮುಟ್ಟುವ ಹಾಗಿರಲಿಲ್ಲ. ಗಾಫ್ ಕಂಡುಕೊಂಡ ದಾರಿ ಸರಳ. ಎಲ್ಲರ ದಾನ ಒಂದೇ ಕಡೆ ಸೇರಲಿ, ಅಸಲು ಉಳಿಯಲಿ, ಅದರಿಂದ ಬರುವ ಆದಾಯವನ್ನು ಯಾವುದಕ್ಕೆ ಕೊಡಬೇಕು ಅನ್ನುವುದನ್ನು ಆಯಾ ಕಾಲದ ಊರಿನವರ ಸಮಿತಿ ತೀರ್ಮಾನಿಸಲಿ.

ಹೊರಗಿನ ನೆರವಿನಲ್ಲಿ ಇಲ್ಲದೇ ಇರುವುದು ಇದೇ ಅಲ್ವಾ? ಪ್ರಾಜೆಕ್ಟ್ ಬರೆಯುವವರು ಒಂದು ಕಡೆ, ಅದರ ಜೊತೆ ಬದುಕುವವರು ಇನ್ನೊಂದು ಕಡೆ. ಅವಧಿ ಮುಗಿದ ದಿನ ಆಫೀಸಿಗೆ ಬೀಗ. 1997ರಲ್ಲಿ ಕೀನ್ಯಾದಲ್ಲಿ ಹುಟ್ಟಿದ ಕೀನ್ಯಾ ಕಮ್ಯುನಿಟಿ ಡೆವಲಪ್‌ಮೆಂಟ್ ಫೌಂಡೇಶನ್ ಇದನ್ನು ತಿರುಗಿಸಲು ಹೊರಟಿತು. ಮೊದಲು ಊರಿನವರೇ ಕೈಲಾದಷ್ಟು ಸೇರಿಸಬೇಕು, ಅದಕ್ಕೆ ಫೌಂಡೇಶನ್ ತನ್ನ ಪಾಲು ಜೋಡಿಸುತ್ತದೆ. ಊರಿನವರ ಪಾಲು ಚಿಕ್ಕದೇ ಇರಬಹುದು, ಆದರೆ ತನ್ನ ಜೇಬಿನಿಂದ ಕೊಟ್ಟವನು ಸುಮ್ನೆ ಕೂರುವುದಿಲ್ಲ, ಲೆಕ್ಕ ಕೇಳುತ್ತಾನೆ, ಕೆಲಸ ಕೆಟ್ಟರೆ ತಾನೇ ಬಂದು ನಿಲ್ಲುತ್ತಾನೆ. ಹೊರಗಿನವರ ದುಡ್ಡು ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಎರಡನೆಯದಾಗಿ ಬರಲಿ ಅನ್ನುವುದಷ್ಟೇ ನನ್ನ ಆಸೆ.

ದೊಡ್ಡವರಿಗೂ ಇದು ಗೊತ್ತಿಲ್ಲದ್ದಲ್ಲ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ದೊಡ್ಡ ದಾನಿ ದೇಶಗಳೂ ನೆರವು ಸಂಸ್ಥೆಗಳೂ ಸೇರಿ, 2020ರ ಹೊತ್ತಿಗೆ ವಿಪತ್ತು ಪರಿಹಾರದ ದುಡ್ಡಿನಲ್ಲಿ ಶೇ. 25ರಷ್ಟನ್ನು ಆಯಾ ದೇಶದ ಸಂಸ್ಥೆಗಳಿಗೆ ಆದಷ್ಟು ನೇರವಾಗಿ ತಲುಪಿಸುತ್ತೇವೆ ಅಂತ ಮಾತು ಕೊಟ್ಟರು. ಆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಚಿಕ್ಕ ಸಂಸ್ಥೆಗಳಿಗೆ ಲೆಕ್ಕ ಇಡಲು ಬರುವುದಿಲ್ಲ ಅನ್ನುವ ಮಾತನ್ನೇ ಎಷ್ಟು ವರ್ಷ ಕೇಳುವುದು, ಕೊಡದೇ ಇದ್ದರೆ ಅವರು ಕಲಿಯುವುದು ಹೇಗೆ?

ಒಂದು ಭಯ ಮಾತ್ರ ನನಗೂ ಇದೆ. ಊರಿನವರ ಸಮಿತಿ ಅಂದರೆ ಊರಿನ ಬಲಾಢ್ಯರ ಸಮಿತಿ ಆಗಿಬಿಡಬಹುದು. ನೀವು ಇಷ್ಟು ವರ್ಷ ಸಹಕಾರ ಸಂಘ ನಡೆಸಿದವರು, ಇದನ್ನು ನನಗಿಂತ ಜಾಸ್ತಿ ಬಲ್ಲಿರಿ. ಅಂಥವರನ್ನು ತಡೆಯಲು ನೀವು ಏನು ಮಾಡುತ್ತಿದ್ದಿರಿ? ಮುಂದಿನ ಸಲ ಬಿಡಿಸಿ ಬರೆಯಿರಿ.

ನಿಮ್ಮ ಮಗಳು