ಎಷ್ಟು ಮೂತ್ರ ಬಂತು ಅಂತ ಕೇಳಿದವರಿಗೆ

ಈ ವರ್ಷದ ಸ್ಕ್ಯಾನ್ ರಿಪೋರ್ಟ್ ಕೈಗೆ ಬಂತು. ಎರಡೂ ಕಿಡ್ನಿ ಚೆನ್ನಾಗಿವೆ. ಊತ ಇಲ್ಲ, ಕಲ್ಲಿಲ್ಲ. ಮೂತ್ರಕೋಶದ ಗೋಡೆ ಮೊದಲೇ ದಪ್ಪಗಾಗಿತ್ತು, ಈಗಲೂ ಅಷ್ಟೇ ಇದೆ, ಹೆಚ್ಚಾಗಿಲ್ಲ. ಬೆನ್ನುಹುರಿಗೆ ಪೆಟ್ಟಾದ ಹೊಸದರಲ್ಲಿ ಇದೇ ಸ್ಕ್ಯಾನ್ ಮಾಡಿಸಿದಾಗ ಬಲಗಡೆಯ ಕಿಡ್ನಿ ಊದಿಕೊಂಡಿತ್ತು. ಅದು ಇಳಿದು ಈ ರಿಪೋರ್ಟ್ ಬರುವ ತನಕ ಎಷ್ಟೋ ಜನ ದುಡಿದಿದ್ದಾರೆ. ಅವರ ಋಣ ನೆನೆಯೋಣ ಅಂತ ಕೂತಿದ್ದೇನೆ. ವಿಷಯ ಮೂತ್ರದ್ದು. ಮುಜುಗರ ಆಗುವವರು ಇಲ್ಲಿಗೇ ನಿಲ್ಲಿಸಬಹುದು, ಬೇಜಾರಿಲ್ಲ.

ಆಸ್ಪತ್ರೆಗೆ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು. "ಯಾವಾಗ ನಡೀತೀಯ?" ಪ್ರೀತಿಯಿಂದಲೇ ಕೇಳಿದರು. ನನ್ನ ಜೀವ ಉಳಿಸಿದವರು ಮಾತ್ರ ಬೇರೆ ಪ್ರಶ್ನೆ ಕೇಳುತ್ತಿದ್ದರು. "ಬೆಳಗ್ಗೆಯಿಂದ ಎಷ್ಟು ಮೂತ್ರ ಬಂತು? ಬಣ್ಣ ಹೇಗಿತ್ತು? ಮಧ್ಯೆ ಲೀಕ್ ಆಯ್ತಾ?" ಕಾಲು ಕೆಲಸ ಮಾಡದಿದ್ದರೆ ವೀಲ್‌ಚೇರ್ ಇದೆ. ಕಿಡ್ನಿ ಕೈಕೊಟ್ಟರೆ ಕಥೆಯೇ ಬೇರೆ.

ನನಗೆ ಪೆಟ್ಟಾಗಿದ್ದು ಎದೆಯ ಮಟ್ಟದಲ್ಲಿ. ಮೂತ್ರಕೋಶವನ್ನು ನೋಡಿಕೊಳ್ಳುವ ನರಗಳು ಬೆನ್ನುಹುರಿಯ ತುದಿಯಿಂದ ಹೊರಡುತ್ತವೆ, ಡಾಕ್ಟರುಗಳು ಎಸ್2ರಿಂದ ಎಸ್4 ಅಂತ ಕರೆಯುವ ನರಮಟ್ಟಗಳಿಂದ. ಮೂತ್ರಕೋಶ ಹಿಂಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಕೆಳಗಿನ ಬಿಗಿ, ಅಂದರೆ ಮೂತ್ರದ ದಾರಿಯನ್ನು ಮುಚ್ಚಿ ಹಿಡಿಯುವ ಸ್ನಾಯು, ಸಡಿಲಬೇಕು. ಈ ಹೊಂದಾಣಿಕೆ ಮಾಡುವುದು ಮೆದುಳಿನ ಬುಡ. ನಡುವೆ ಹುರಿ ತುಂಡಾದರೆ ಅತ್ತಲಿನ ಸುದ್ದಿ ಇತ್ತ ಬರುವುದಿಲ್ಲ. ಮೊದಲ ಕೆಲವು ವಾರ ಮೂತ್ರಕೋಶ ಪೂರ್ತಿ ಸುಸ್ತಾಗಿ ಬಿದ್ದಿರುತ್ತದೆ, ಆಗ ಪೈಪ್ ಹಾಕಿಯೇ ಇಡುತ್ತಾರೆ. ಆಮೇಲೆ ಅದು ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡಿತಲ್ಲ ಅಂತ ಖುಷಿಪಡುವ ಹಾಗಿಲ್ಲ. ತನ್ನಿಷ್ಟಕ್ಕೆ ಹಿಂಡಿಕೊಳ್ಳುತ್ತದೆ, ಅದೇ ಹೊತ್ತಿಗೆ ಕೆಳಗಿನ ಬಿಗಿ ಇನ್ನೂ ಬಿಗಿಯಾಗುತ್ತದೆ. ಹೊರಬಾಗಿಲಿಗೆ ಚಿಲಕ ಹಾಕಿ ಒಳಗಿನಿಂದ ತಳ್ಳಿದ ಹಾಗೆ. ಹೊರಗೆ ಹೋಗಲಾರದ ಒತ್ತಡ ಮೇಲಕ್ಕೆ, ಕಿಡ್ನಿ ಕಡೆಗೆ ತಿರುಗುತ್ತದೆ. ನನ್ನ ಬಲಗಡೆಯ ಕಿಡ್ನಿ ಊದಿದ್ದು ಹೀಗೆ.

ಮೊದಲ ಥ್ಯಾಂಕ್ಸ್ ಪುನರ್ವಸತಿ ವಾರ್ಡಿನ ಸಿಸ್ಟರ್‌ಗೆ. ಒಳಗೇ ಇದ್ದ ಪೈಪ್ ತೆಗೆಸಿ, ಹೊತ್ತು ಹೊತ್ತಿಗೆ ನಾನೇ ಪೈಪ್ ಹಾಕಿಕೊಂಡು ಖಾಲಿ ಮಾಡುವುದನ್ನು ಕಲಿಸಿದವರು ಅವರು. ಮೊದಲ ದಿನ ಅಮ್ಮ ಪಕ್ಕದಲ್ಲೇ ನಿಂತಿದ್ದರು, ನಾನೇ ಕಲಿತು ಮಾಡ್ತೀನಿ ಅಂತ. ಸಿಸ್ಟರ್ ಅಷ್ಟೇ ಮೆಲ್ಲಗೆ, "ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತಿರಿ. ಅವರ ಕೈ ಚೆನ್ನಾಗಿದೆ, ಅವರೇ ಮಾಡ್ಕೋಬೇಕು" ಅಂದರು. ಆ ಒಂದು ಮಾತಿನಿಂದ ಅಮ್ಮನಿಗೂ ನನಗೂ ಎಷ್ಟು ಸಂಕೋಚ ತಪ್ಪಿತೋ ಲೆಕ್ಕವಿಲ್ಲ.

ಅವರ ಪಾಠ ಈಗಲೂ ಕಿವಿಯಲ್ಲಿದೆ. ಸೋಪು ಹಚ್ಚಿ ಮಣಿಕಟ್ಟಿನವರೆಗೆ ಕೈ ತೊಳೆಯಿರಿ. ಪೈಪಿಗೆ ಜೆಲ್ಲಿ ಧಾರಾಳವಾಗಿ ಹಚ್ಚಿ, ಜಿಪುಣತನ ಬೇಡ. ಅಂಗವನ್ನು ಮೇಲಕ್ಕೆ ನೇರ ಹಿಡಿಯಿರಿ, ದಾರಿ ಮಡಚಬಾರದು. ಒಳಗೆ ಒಂದು ಕಡೆ ತಡೆ ಸಿಗುತ್ತದೆ, ಅಲ್ಲಿ ನೂಕಬೇಡಿ. ನಿಲ್ಲಿಸಿ, ಉಸಿರು ಬಿಡಿ, ಬಿಗಿ ತಾನೇ ಸಡಿಲುತ್ತದೆ. ಮೂತ್ರ ಬರುವುದು ನಿಂತಿತು ಅಂತ ತಕ್ಷಣ ಎಳೆಯಬೇಡಿ, ನಿಧಾನವಾಗಿ ಹೊರಗೆ ತೆಗೆಯುತ್ತಾ ಬನ್ನಿ, ತಳದಲ್ಲಿ ಉಳಿದದ್ದೂ ಇಳಿಯುತ್ತದೆ. ಕೊನೆಗೆ ಗೆರೆ ಇರುವ ಜಗ್ಗಿಗೆ ಸುರಿದು ಅಳೆಯಿರಿ, ಬರೆದಿಡಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಖಾಲಿ ಮಾಡಬೇಕು. ಒಂದು ಸಲಕ್ಕೆ 500 ಮಿಲಿಲೀಟರ್ ದಾಟುತ್ತಿದ್ದರೆ ಗ್ಯಾಪ್ ಕಡಿಮೆ ಮಾಡಬೇಕು. ನನ್ನ ಮೊದಲ ಜಗ್ಗಿನಲ್ಲಿ ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ, ತಿಳಿಯಾಗಿದೆ" ಅಂದಿದ್ದರು. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ಅಷ್ಟು ಖುಷಿ ಆಗಿರಲಿಲ್ಲ.

ನಾನು ಕಾಣದ ಕೆಲವರಿಗೂ ಇಲ್ಲಿ ಕೈಮುಗಿಯಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಹೆಚ್ಚಿನವರು ಬದುಕುತ್ತಲೇ ಇರಲಿಲ್ಲ. ಮೂತ್ರದ ಸೋಂಕು, ಇಲ್ಲವೇ ಹಾಸಿಗೆ ಹುಣ್ಣು ಅವರನ್ನು ಕೊಲ್ಲುತ್ತಿತ್ತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್‌ವಿಗ್ ಗಟ್‌ಮನ್ ಅನ್ನುವ ಡಾಕ್ಟರು ಇಂಥವರಿಗಾಗಿಯೇ ವಿಭಾಗ ಶುರು ಮಾಡಿದರು. ಪ್ಯಾರಾಲಿಂಪಿಕ್ಸ್‌ಗೆ ಬೀಜ ಬಿತ್ತಿದವರು ಅಂತ ಅವರ ಹೆಸರು ಜನಕ್ಕೆ ಗೊತ್ತು. ನಮ್ಮಂಥವರಿಗೆ ಅವರು ಹೊತ್ತಿಗೆ ಸರಿಯಾಗಿ ಮೂತ್ರಕೋಶ ಖಾಲಿ ಮಾಡಿಸಿದ ಡಾಕ್ಟರು. ಆದರೆ ಅವರ ಪದ್ಧತಿಯಲ್ಲಿ ಎಲ್ಲವೂ ಆಪರೇಷನ್ ಥಿಯೇಟರಿನಷ್ಟು ಶುದ್ಧವಾಗಿರಬೇಕಿತ್ತು. ಆಸ್ಪತ್ರೆಯಲ್ಲಿ ಸರಿ, ಮನೆಯಲ್ಲಿ ಅದು ಆಗುವ ಮಾತಾ?

ಆ ಗಂಟು ಬಿಚ್ಚಿದವರು ಅಮೆರಿಕದ ಮಿಷಿಗನ್‌ನ ಜ್ಯಾಕ್ ಲ್ಯಾಪಿಡೀಸ್. ಮೂತ್ರಕೋಶ ತೀರಾ ಹಿಗ್ಗಿದರೆ ಅದರ ಗೋಡೆಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಸೋಂಕು ಬೇರೂರುವುದು ಆಗ ಅಂದರು. ಅಂದರೆ ಪೈಪಿನ ಜೊತೆ ನಾಲ್ಕು ಕ್ರಿಮಿ ಒಳಗೆ ಹೋಗುವುದಕ್ಕಿಂತ, ಹೊತ್ತು ಮೀರಿ ತುಂಬಿಸಿಟ್ಟುಕೊಳ್ಳುವುದು ಕೆಟ್ಟದ್ದು. ಸೋಪಿನಲ್ಲಿ ತೊಳೆದ ಕೈ ಸಾಕು ಅಂತ ಅವರ ತಂಡ 1972ರಲ್ಲಿ ಬರೆದಾಗ ಒಪ್ಪದವರು ಬಹಳ ಮಂದಿ. ಆ ಲೇಖನ ಬರೆದವರಲ್ಲಿ ಬೆಟಿ ಲೋ ಅನ್ನುವ ನರ್ಸ್ ಕೂಡ ಇದ್ದರು. ನಮ್ಮ ಸಿಸ್ಟರ್‌ಗೆ ಇದನ್ನು ಹೇಳಿದರೆ, "ನರ್ಸ್ ಇಲ್ದೆ ಇಂಥ ಕೆಲಸ ಎಲ್ಲಿ ಆಗುತ್ತೆ ಬಿಡಿ" ಅಂತ ನಕ್ಕರು.

ಇನ್ನು ನಮ್ಮ ಯೂರಾಲಜಿ ಡಾಕ್ಟರು. ಲೀಕ್ ಇಲ್ಲ, ಜ್ವರ ಇಲ್ಲ, ನಾನು ಆರಾಮಾಗಿದ್ದೆ. ಅವರು ಮಾತ್ರ ಒತ್ತಡದ ಪರೀಕ್ಷೆ ಆಗಲೇಬೇಕು ಅಂತ ಪಟ್ಟು ಹಿಡಿದರು. "ಒತ್ತಡ ಜಾಸ್ತಿ ಆದ್ರೆ ನಿಮಗೆ ಗೊತ್ತಾಗಲ್ಲ. ನೋವೇ ಬರಲ್ಲವಲ್ಲ" ಅಂದರು. ಮೂತ್ರಕೋಶದೊಳಗೆ ಒಂದು ಸಣ್ಣ ಟ್ಯೂಬು, ಗುದದ್ವಾರದಲ್ಲಿ ಇನ್ನೊಂದು. ಸಲೈನ್ ನಿಧಾನವಾಗಿ ಬಿಡುತ್ತಾರೆ, ಪರದೆಯ ಮೇಲೆ ಗೆರೆ ಓಡುತ್ತದೆ. ತೋಳಿಗೆ ಬಿಪಿ ಪಟ್ಟಿ ಕಟ್ಟಿಯೇ ಇದ್ದರು, ಯಾಕೆ ಅಂತ ಮುಂದೆ ಹೇಳುತ್ತೇನೆ. ಒಳಗಿನ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟ ದಾಟಿ ಅಲ್ಲೇ ನಿಂತರೆ ಕಿಡ್ನಿಗೆ ಅಪಾಯ. ನನ್ನ ಗೆರೆ ಅದನ್ನು ದಾಟಿ ಆರಾಮಾಗಿ ಮೇಲೆ ಹೋಯಿತು. ನನಗೆ ಏನೂ ಅನ್ನಿಸಲೇ ಇಲ್ಲ.

ಆಕ್ಸಿಬ್ಯುಟಿನಿನ್ ಮಾತ್ರೆ ಶುರುವಾಯಿತು. ಒತ್ತಡ ಸ್ವಲ್ಪ ಇಳಿಯಿತು, ಆದರೆ ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು, ಮೊದಲೇ ಇದ್ದ ಮಲಬದ್ಧತೆ ಇನ್ನೂ ಜೋರಾಯಿತು. ಆಮೇಲೆ ಬೋಟಾಕ್ಸ್. ಹೌದು, ಮುಖದ ಸುಕ್ಕಿಗೆ ಕೊಡುವುದೇ. ಸಣ್ಣ ದುರ್ಬೀನು ಹಾಕಿ ಮೂತ್ರಕೋಶದ ಗೋಡೆಗೆ ಅಲ್ಲಲ್ಲಿ ಚುಚ್ಚುತ್ತಾರೆ, ಒಟ್ಟು 200 ಯೂನಿಟ್. ಸ್ನಾಯು ಹಿಂಡುವುದನ್ನು ಬಿಡುತ್ತದೆ, ಕೆಲವು ತಿಂಗಳು ಶಾಂತವಾಗಿರುತ್ತದೆ, ಮತ್ತೆ ಹಾಕಿಸಬೇಕು. ಊತ ಇಳಿದದ್ದು ಇದರ ನಂತರವೇ. ಮುಖ ಇನ್ನೂ ಸುಕ್ಕಾಗಿಯೇ ಇದೆ, ಅದು ಬೇರೆ ವಿಷಯ.

ಇನ್ನೊಂದಕ್ಕೂ ಅವರಿಗೆ ಥ್ಯಾಂಕ್ಸ್: ಕೊಡದ ಔಷಧಿಗೆ. ಪೈಪ್ ಬಳಸುವವರ ಮೂತ್ರ ಪರೀಕ್ಷೆ ಮಾಡಿದರೆ ಬ್ಯಾಕ್ಟೀರಿಯಾ ಸಿಗುವುದು ಮಾಮೂಲಿ. ರಿಪೋರ್ಟ್ ನೋಡಿ ಹೆದರಿ ಹೋದಾಗಲೆಲ್ಲ, "ರಿಪೋರ್ಟಿಗೆ ಚಿಕಿತ್ಸೆ ಕೊಡಲ್ಲ, ನಿಮಗೆ ಕೊಡ್ತೀನಿ. ಜ್ವರ ಇದೆಯಾ? ಕಾಲಿನ ಸೆಳೆತ ಜಾಸ್ತಿ ಆಗಿದೆಯಾ? ಹೊಸದಾಗಿ ಲೀಕ್?" ಅಂತ ಕೇಳಿ, ಇಲ್ಲ ಅಂದರೆ ವಾಪಸ್ ಕಳಿಸುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಸುಮ್ಮನೆ ಆ್ಯಂಟಿಬಯೋಟಿಕ್ ನುಂಗುತ್ತಿದ್ದರೆ, ನಿಜವಾಗಿ ಬೇಕಾದಾಗ ಯಾವುದೂ ಕೆಲಸ ಮಾಡುತ್ತಿರಲಿಲ್ಲ ಅಂತ ಈಗ ಅರ್ಥವಾಗಿದೆ.

ಪಕ್ಕದ ಬೆಡ್ಡಿನ ಅಣ್ಣನನ್ನು ಹೇಗೆ ಮರೆಯಲಿ? ಅವರಿಗೆ ಪೆಟ್ಟಾಗಿದ್ದು ಕುತ್ತಿಗೆಯಲ್ಲಿ, ಬೆರಳು ಮಡಚಲು ಆಗುವುದಿಲ್ಲ. ತಾವೇ ಪೈಪ್ ಹಾಕಿಕೊಳ್ಳುವ ಹಾಗಿಲ್ಲ, ಹಾಗಾಗಿ ಹೊಕ್ಕಳಿನ ಕೆಳಗೆ ಸಣ್ಣ ರಂಧ್ರ ಮಾಡಿ ಅಲ್ಲಿಂದಲೇ ಪೈಪ್ ಇಟ್ಟಿದ್ದಾರೆ. ಎದೆಯ ಆರನೇ ನರಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ, ಮೂತ್ರಕೋಶ ತುಂಬಿದರೆ ಬಿಪಿ ದಿಢೀರನೆ ಏರಬಹುದು ಅಂತ ನನಗೂ ನನ್ನ ತಮ್ಮನಿಗೂ ಬಾಯಿಪಾಠ ಮಾಡಿಸಿದವರು ಅವರೇ. "ತಲೆ ಸಿಡೀತಿದೆ ಅಂದ್ರೆ ಮಾತ್ರೆ ಹುಡುಕ್ಬೇಡ ಕಣೋ, ಮೊದ್ಲು ಎಬ್ಬಿಸಿ ಕೂರಿಸು, ಆಮೇಲೆ ಪೈಪ್ ನೋಡು" ಅಂತ ತಮ್ಮನಿಗೆ ದಿನಾ ಹೇಳುತ್ತಿದ್ದರು.

ಅದು ಉಪಯೋಗಕ್ಕೆ ಬಂತು. ಒಮ್ಮೆ ಜ್ವರ ಬಂದು ಕೆಲವು ದಿನ ಪೈಪ್ ಹಾಕಿಯೇ ಇಟ್ಟಿದ್ದರು. ನಡುರಾತ್ರಿ ತಲೆ ಒಡೆಯುವ ಹಾಗೆ ನೋವು. ಮುಖ ಕೆಂಪು, ಎದೆಯಿಂದ ಮೇಲೆ ಬೆವರು, ತೋಳಿನ ರೋಮವೆಲ್ಲ ನೆಟ್ಟಗೆ. ಮೇಲಿನ ಬಿಪಿ ನನಗೆ ಸಾಮಾನ್ಯವಾಗಿ ನೂರರ ಆಸುಪಾಸು, ಆವತ್ತು ಅದಕ್ಕಿಂತ ಎಷ್ಟೋ ಮೇಲಿತ್ತು. ತಮ್ಮ ನನ್ನನ್ನು ಎತ್ತಿ ಕೂರಿಸಿದ, ಕಾಲು ಕೆಳಗೆ ಇಳಿಬಿಟ್ಟ, ಲುಂಗಿ ಸಡಿಲಿಸಿದ, ಪೈಪ್ ಹಿಡಿದು ಬೆರಳಾಡಿಸುತ್ತಾ ಬಂದ. ತೊಡೆಯ ಕೆಳಗೆ ಅದು ಮಡಚಿಕೊಂಡಿತ್ತು. ಬಿಡಿಸಿದ ಕೂಡಲೇ ಬ್ಯಾಗಿಗೆ ಸುರ್ರನೆ ಇಳಿಯಿತು, ಸ್ವಲ್ಪ ಹೊತ್ತಿಗೆ ತಲೆನೋವೂ ಇಳಿಯಿತು. ಹಾಗೇ ಬಿಟ್ಟಿದ್ದರೆ ಮೆದುಳಿನಲ್ಲಿ ರಕ್ತಸ್ರಾವ ಆಗುವ ಸಾಧ್ಯತೆಯೂ ಇತ್ತು. ತಮ್ಮಾ, ನಿನಗೆ ಎದುರಿಗೆ ಹೇಳಿದರೆ "ಸಾಕು ಬಿಡಣ್ಣ" ಅಂತೀಯ. ಅದಕ್ಕೇ ಇಲ್ಲಿ ಬರೆದೆ.

ಹೆಂಡತಿಯ ಬಗ್ಗೆ ಜಾಸ್ತಿ ಬರೆದರೆ ಬೈಗುಳ ಗ್ಯಾರಂಟಿ. ಇಷ್ಟು ಮಾತ್ರ: ಹಗಲೆಲ್ಲ ಕೂತು ಕಾಲಲ್ಲಿ ನಿಂತ ನೀರು, ಮಲಗಿದ ಮೇಲೆ ರಕ್ತಕ್ಕೆ ವಾಪಸ್ ಬಂದು ರಾತ್ರಿ ಮೂತ್ರ ಹೆಚ್ಚಿಸುತ್ತದೆ. ಇದನ್ನು ನಾನು ಮೂತ್ರ ಅಳೆದು ಬರೆದಿಡುವ ಲೆಕ್ಕದ ಪುಸ್ತಕ ನೋಡಿಯೇ ಕಂಡುಹಿಡಿದವಳು ಅವಳು. ಈಗ ಸಂಜೆ ಹೊತ್ತು ಕಾಲು ಎತ್ತರಿಸಿ ಮಲಗುತ್ತೇನೆ, ಮಲಗುವ ಮುಂಚೆ ಒಮ್ಮೆ ಖಾಲಿ ಮಾಡುತ್ತೇನೆ. ಇಬ್ಬರಿಗೂ ನಿದ್ದೆ.

ಆಫೀಸಿನವರಿಗೆ: ಒಳಕ್ಕೆ ತೆರೆಯುತ್ತಿದ್ದ ಟಾಯ್ಲೆಟ್ ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿ ಕೂರಿಸಿದಿರಿ, ಪೈಪ್ ಮತ್ತು ಜೆಲ್ಲಿ ಇಡಲು ಕೈಗೆಟುಕುವಲ್ಲಿ ಒಂದು ಹಲಗೆ ಹೊಡೆಸಿದಿರಿ. ಮೀಟಿಂಗ್ ಮಧ್ಯೆ ಹೊರಟರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ನಾನು ಕೆಲಸಕ್ಕೆ ವಾಪಸ್ ಬರಲು ಆದದ್ದು ಇದರಿಂದಲೇ. ಹೊರಗಿನ ಎಷ್ಟೋ ಕಡೆ ರ್‍ಯಾಂಪ್ ಚೆಂದಾಗಿ ಕಟ್ಟಿರುತ್ತಾರೆ, ಒಳಗೆ ಹೋದರೆ ಟಾಯ್ಲೆಟ್ ಬಾಗಿಲಲ್ಲಿ ಗಾಲಿ ತೂರುವುದಿಲ್ಲ. ಯಾರಿಗಾಗಿ ಕಟ್ಟುತ್ತಾರೋ ಗೊತ್ತಿಲ್ಲ.

ಇದನ್ನು ಮೊದಲು ಓದಿದ್ದು ವಾರ್ಡಿನ ಗೆಳತಿಯೊಬ್ಬಳು. "ಎಲ್ಲಾ ಗಂಡಸರ ಪಾಠವೇ ಬರ್ದಿದ್ದೀಯಲ್ಲ" ಅಂದಳು. ಸರಿಯಾದ ಮಾತು. ಹೆಂಗಸರಿಗೆ ದಾರಿ ಚಿಕ್ಕದು, ಪೈಪೂ ಗಿಡ್ಡ, ಆದರೆ ರಂಧ್ರ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, ವೀಲ್‌ಚೇರಿನಲ್ಲಿ ಕೂತು ಬಟ್ಟೆ ಸರಿಸುವುದೇ ಸಾಹಸ. ಅವಳು ಮೊದಲು ಕನ್ನಡಿ ಇಟ್ಟುಕೊಂಡು ಕಲಿತಳು, ಈಗ ಬೆರಳಿನ ಸ್ಪರ್ಶದಲ್ಲೇ ಹಾಕಿಕೊಳ್ಳುತ್ತಾಳೆ. ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ಕಲಿಸುತ್ತಿರುವುದೂ ಅವಳೇ. ಅವಳಿಗೂ ಥ್ಯಾಂಕ್ಸ್.

ಹೊಸದಾಗಿ ಪೆಟ್ಟಾದವರು, ಅವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಏನು ಬೇಕಾದರೂ ಕೇಳಿ. ಲೀಕ್, ವಾಸನೆ, ಮದುವೆ, ಪ್ರಯಾಣ, ಯಾವುದಕ್ಕೂ ನಾಚಿಕೆ ಬೇಡ. ಎಷ್ಟು ಹೊತ್ತಿನಲ್ಲಿ ಕೇಳಿದರೂ ಸರಿ. ತಲೆ ಸಿಡಿಯುತ್ತಿದ್ದರೆ ಮಾತ್ರ ಮೊದಲು ಎದ್ದು ಕೂತು ಪೈಪ್ ನೋಡಿಕೊಳ್ಳಿ. ಇಳಿಯದಿದ್ದರೆ ಸೀದಾ ಆಸ್ಪತ್ರೆಗೆ ಹೋಗಿ. ನನ್ನನ್ನು ಆಮೇಲೆ ಕೇಳಿದರಾಯಿತು.