ಓರಿಯಂಟ್ ಎಕ್ಸ್‌ಪ್ರೆಸ್ ಹತ್ತುವ ಮುಂಚೆ

ಪ್ರಿಯ ಗೆಳೆಯ,

ಪತ್ತೇದಾರಿ ಕಾದಂಬರಿ ಅಂದ್ರೆ ಬರೀ ಒಗಟು, ಕೊಲೆಗಾರ ಸಿಕ್ಕಿದ ಮೇಲೆ ಓದೋಕೆ ಏನೂ ಉಳಿಯಲ್ಲ ಅಂತ ಬರೆದಿದ್ದೆ ಅಲ್ವಾ? ನಾನು ಒಪ್ಪುವುದಿಲ್ಲ. ಅದಕ್ಕೇ ಅಗಾಥಾ ಕ್ರಿಸ್ಟಿಯ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಕಳಿಸುತ್ತಿದ್ದೇನೆ. ಉತ್ತರ ಗೊತ್ತಿದ್ದೂ ನಾನು ಮತ್ತೆ ಮತ್ತೆ ಓದುವ ಪುಸ್ತಕ ಇದು.

ಇಸ್ತಾಂಬುಲ್‌ನಿಂದ ಹೊರಟ ಐಷಾರಾಮಿ ರೈಲು ಯುಗೋಸ್ಲಾವಿಯಾದ ವಿಂಕೋವ್ಸಿ ದಾಟಿದ ಮೇಲೆ ಹಿಮದಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಳಗಾದರೆ ಒಬ್ಬ ಶ್ರೀಮಂತನ ಹೆಣ, ಮೈಮೇಲೆ 12 ಇರಿತ. ಪೊಲೀಸರಿಲ್ಲ. ಇರುವುದು ಪತ್ತೇದಾರ ಪಾಯ್ರೋ ಒಬ್ಬನೇ. ಈ ಹಿಮ ಸುಮ್ನೆ ಕಲ್ಪಿಸಿದ್ದಲ್ಲ. 1929ರಲ್ಲಿ ನಿಜವಾದ ಓರಿಯಂಟ್ ಎಕ್ಸ್‌ಪ್ರೆಸ್ ಟರ್ಕಿಯಲ್ಲಿ ದಿನಗಟ್ಟಲೆ ಹಿಮದಲ್ಲಿ ನಿಂತಿತ್ತು. 1931ರಲ್ಲಿ ಕ್ರಿಸ್ಟಿಯವರೇ ಅದರಲ್ಲಿ ಊರಿಗೆ ಮರಳುವಾಗ, ಮಳೆಗೆ ಹಳಿ ಕೊಚ್ಚಿಹೋಗಿ ದಾರಿಯಲ್ಲಿ ಸಿಕ್ಕಿಬಿದ್ದಿದ್ದರು.

ನನ್ನನ್ನು ಜಾಸ್ತಿ ಕಾಡುವುದು ಆ ಸತ್ತವನ ಹಿನ್ನೆಲೆ. ಅವನು ಹಿಂದೆ ಅಮೆರಿಕದಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು ಅಪಹರಿಸಿ, ಹಣ ಪಡೆದು, ಕೊಂದವನು. ಕೋರ್ಟಿನಿಂದ ತಪ್ಪಿಸಿಕೊಂಡವನು. ಇದರ ಬೇರು ಎಲ್ಲಿದೆ ಗೊತ್ತಾ? 1932ರ ಮಾರ್ಚ್ 1ರ ರಾತ್ರಿ, ನ್ಯೂಜೆರ್ಸಿಯಲ್ಲಿ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ 20 ತಿಂಗಳ ಮಗನನ್ನು ತೊಟ್ಟಿಲಿನಿಂದಲೇ ಎತ್ತಿಕೊಂಡು ಹೋದರು. 50,000 ಡಾಲರ್ ಕೊಟ್ಟರೂ ಮಗು ಬರಲಿಲ್ಲ. ಮೇ ತಿಂಗಳಲ್ಲಿ ಶವ ಸಿಕ್ಕಿತು. ಮಗುವಿನ ಅಜ್ಜಿಯ ಮನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬಳು, ಪೊಲೀಸರು ಮತ್ತೆ ವಿಚಾರಣೆಗೆ ಕರೆದಾಗ ವಿಷ ಕುಡಿದು ಸತ್ತಳು. ಅವಳ ತಪ್ಪೇನೂ ಇರಲಿಲ್ಲ. ಕಾದಂಬರಿಯಲ್ಲೂ ಅಂಥ ಒಬ್ಬ ಸೇವಕಿ ಇದ್ದಾಳೆ. ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತಾಳೆ. ದಯವಿಟ್ಟು ಅಲ್ಲಿ ನಿಧಾನವಾಗಿ ಓದು.

ಇಸವಿಗಳನ್ನೂ ನೋಡು. ಪುಸ್ತಕ ಬಂದದ್ದು 1934ರ ಜನವರಿಯಲ್ಲಿ. ಲಿಂಡ್‌ಬರ್ಗ್ ಪ್ರಕರಣದಲ್ಲಿ ಆಮೇಲೆ ಅಪರಾಧಿ ಎಂದು ತೀರ್ಪಾದ ಹಾಪ್ಟ್‌ಮನ್ ಬಂಧನವಾದದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಅಂದರೆ ಮೊದಲ ಓದುಗರು ಇದನ್ನು ಕೈಗೆತ್ತಿಕೊಂಡಾಗ ನಿಜವಾದ ಅಪರಾಧಿ ಇನ್ನೂ ಸಿಕ್ಕಿರಲಿಲ್ಲ. ಕಾನೂನು ಕೈಬಿಟ್ಟರೆ ಆ ಮಗುವಿನ ಮನೆಯವರು ಏನು ಮಾಡಬೇಕು ಅನ್ನುವ ಪ್ರಶ್ನೆ ಅವರಿಗೆ ಎಷ್ಟು ಹಸಿಯಾಗಿತ್ತು ಯೋಚಿಸು! ಇಷ್ಟೊಂದು ದುಃಖ ತುಂಬಿರುವ ಕಥೆಯನ್ನು ಒಗಟು ಅಂತ ಹೇಗೆ ಕರೆಯಲಿ?

1974ರ ಸಿನಿಮಾ ಚೆನ್ನಾಗಿದೆ, ಆದರೆ ಮೊದಲು ಪುಸ್ತಕ. ಕೊನೆಯಲ್ಲಿ ಪಾಯ್ರೋ ಎರಡು ಉತ್ತರ ಮುಂದಿಡುತ್ತಾನೆ. ಅವನ ಜಾಗದಲ್ಲಿ ನೀನಿದ್ದರೆ ಪೊಲೀಸರಿಗೆ ಯಾವುದನ್ನು ಹೇಳುತ್ತಿದ್ದೆ? ಓದಿ ಮುಗಿಸಿ ಬರೆ.

ನಿನ್ನ ಗೆಳೆಯ